ಜೀನ್‌ಗಳ ನೆರೆಹೊರೆ

ಸಸ್ಯಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ನಮಗೆ ತಳಿವಿಜ್ಞಾನ ಕಲಿಸಿದ ಪ್ರಾಧ್ಯಾಪಕರು, ಎರಡು ಸಸ್ಯಗಳಲ್ಲಿ ಒಂದೇ ಬಗೆಯ ಜೀನ್ ಇದೆ ಎಂಬ ಉತ್ತರಕ್ಕೆ ಪೂರ್ಣ ಅಂಕ ಕೊಟ್ಟವರಲ್ಲ. ಅದರ ಅಕ್ಕಪಕ್ಕದಲ್ಲಿ ಯಾವ ಜೀನ್‌ಗಳಿವೆ, ಯಾವ ಕ್ರಮದಲ್ಲಿವೆ ಎಂಬುದನ್ನೂ ಬರೆಯಬೇಕಿತ್ತು.

ಗ್ರಾಫ್ ಹಾಳೆಯ ಒಂದು ಅಂಚಿನಲ್ಲಿ ಜೋಳದ ವರ್ಣತಂತುವಿನ ಆಯ್ದ ಭಾಗದ ಜೀನ್‌ಗಳನ್ನೂ ಇನ್ನೊಂದು ಅಂಚಿನಲ್ಲಿ ಮೆಕ್ಕೆಜೋಳದವನ್ನೂ ಸಾಲಾಗಿ ಗುರುತಿಸಿ, ಹೋಲುವ ಜೋಡಿ ಸಂಧಿಸುವೆಡೆ ಚುಕ್ಕಿ ಇಡುವುದು ಅವರು ಮಾಡಿಸುತ್ತಿದ್ದ ಅಭ್ಯಾಸ. ಕ್ರಮ ಉಳಿದಿದ್ದರೆ ಚುಕ್ಕಿಗಳು ಓರೆಗೆರೆಯಾಗುತ್ತವೆ. ತುಣುಕು ತಿರುಗುಮುರುಗಾಗಿದ್ದರೆ ಗೆರೆ ಎದುರು ದಿಕ್ಕಿಗೆ ವಾಲುತ್ತದೆ. ಜೋಳದ ಒಂದೇ ಭಾಗಕ್ಕೆ ಮೆಕ್ಕೆಜೋಳದಲ್ಲಿ ಎರಡು ಗೆರೆಗಳು ಮೂಡುತ್ತಿದ್ದವು, ಏಕೆಂದರೆ ಮೆಕ್ಕೆಜೋಳದ ವಂಶದಲ್ಲಿ ಇಡೀ ಜೀನೋಮ್, ಅಂದರೆ ಜೀವಕೋಶದ ಪೂರ್ತಿ ಡಿಎನ್ಎ, ಒಮ್ಮೆ ಇಮ್ಮಡಿಯಾಗಿದೆ, ಜೋಳದಲ್ಲಿ ಆ ಘಟನೆ ನಡೆದಿಲ್ಲ. ಹಾಗಿದ್ದೂ ಎರಡಕ್ಕೂ ವರ್ಣತಂತುಗಳು 10 ಜೋಡಿಯೇ. ಇಮ್ಮಡಿಯಾದವು ಮುಂದೆ ಒಂದಕ್ಕೊಂದು ಬೆಸೆದುಕೊಂಡು ಸಂಖ್ಯೆ ಮತ್ತೆ ಇಳಿದಿದೆ. ಬರೀ ಎಣಿಕೆಯನ್ನು ನಂಬಿದವರಿಗೆ ಇದು ಕಾಣುವಂತೆಯೇ ಇಲ್ಲ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಆ ಗೆರೆಗಳಲ್ಲಿದ್ದ ಖಾಲಿ ಜಾಗಗಳು. ಇಮ್ಮಡಿಯಾದ ಮೇಲೆ ಬಹುಪಾಲು ಜೀನ್‌ಗಳ ಎರಡು ಪ್ರತಿಗಳಲ್ಲಿ ಒಂದು ಅಳಿದುಹೋಗುತ್ತದೆ, ಆದರೆ ಅಳಿವೆಲ್ಲ ಒಂದೇ ಬದಿಯಲ್ಲಿ ಆಗುವುದಿಲ್ಲ. ಒಂದು ತುಣುಕಿನಲ್ಲಿ ಕೆಲವು, ಅದರ ಜೊತೆಯ ತುಣುಕಿನಲ್ಲಿ ಬೇರೆ ಕೆಲವು ಉಳಿಯುತ್ತವೆ. ಹೀಗಾಗಿ ಮೆಕ್ಕೆಜೋಳದ ಎರಡು ತುಣುಕುಗಳನ್ನು ನೇರವಾಗಿ ಎದುರಿಟ್ಟರೆ ಹೋಲಿಕೆ ಅತ್ಯಲ್ಪ. ನಡುವೆ ಜೋಳದ ಸಾಲನ್ನಿಟ್ಟಾಗ ಮಾತ್ರ ಎರಡೂ ಒಂದೇ ಮೂಲದವೆಂದು ತಿಳಿಯುತ್ತದೆ. ಇಮ್ಮಡಿಯಿಂದ ಬಂದ ಎರಡು ಜೀನೋಮ್ ಪ್ರತಿಗಳಲ್ಲಿ, ಅಂದರೆ ಉಪಜೀನೋಮ್‌ಗಳಲ್ಲಿ, ಒಂದು ಇನ್ನೊಂದಕ್ಕಿಂತ ಹೆಚ್ಚು ಜೀನ್‌ಗಳನ್ನು ಕಳೆದುಕೊಂಡಿದೆಯೆಂಬುದೂ ಹೀಗೆಯೇ ಗೊತ್ತಾಗುವ ಸಂಗತಿ.

ಸಾಸಿವೆಯ ಕುಟುಂಬಕ್ಕೆ ಸೇರಿದ, ಪ್ರಯೋಗಗಳಿಗೆ ಬಳಸುವ ಪುಟ್ಟ ಗಿಡ ಅರಬಿಡೋಪ್ಸಿಸ್‌ನ ಕಥೆಯೂ ಇದೇ. ಚಿಕ್ಕ ಜೀನೋಮ್, 5 ಜೋಡಿ ವರ್ಣತಂತು ಎಂದು ಆಯ್ದುಕೊಂಡ ಆ ಗಿಡದ ಡಿಎನ್ಎ ಅನುಕ್ರಮ 2000ದಲ್ಲಿ ಪ್ರಕಟವಾದಾಗ ಅದರ ತುಂಬ ಇಮ್ಮಡಿಯ ಗುರುತುಗಳಿದ್ದವು. ಇತ್ತೀಚಿನ ಇಮ್ಮಡಿಗೆ ಒಳಗಾಗದ ದ್ರಾಕ್ಷಿಯ ಜೀನೋಮ್ 2007ರಲ್ಲಿ ದೊರೆತ ಬಳಿಕ, ಇನ್ನೂ ಹಿಂದೆ ಇಡೀ ಜೀನೋಮ್ ಒಮ್ಮೆ ಮುಮ್ಮಡಿಯಾದದ್ದು ನಿಚ್ಚಳವಾಯಿತು.

ಈಗ ಇಂಥ ಚುಕ್ಕಿಚಿತ್ರವನ್ನು ಗಣಕಯಂತ್ರ ಬಿಡಿಸುತ್ತದೆ. ಆದರೂ ಪಕ್ಕಪಕ್ಕದಲ್ಲೇ ಸಾಲಾಗಿ ನಕಲಾದ ಜೀನ್‌ಗಳನ್ನು ಮೊದಲೇ ಒಂದಾಗಿ ಎಣಿಸದಿದ್ದರೆ ಚುಕ್ಕಿಗಳು ಒಂದೆಡೆ ಗುಂಪುಗೂಡಿ ಗೆರೆಯನ್ನು ಮಸುಕಾಗಿಸುತ್ತವೆ. ನಾವು ಹಾಳೆಗೆ ಪೆನ್ಸಿಲ್ ತಾಗಿಸುವ ಮುನ್ನವೇ ಪ್ರಾಧ್ಯಾಪಕರು ಹಾಗೆ ನಕಲಾದ ಜೀನ್‌ಗಳ ಪಟ್ಟಿಯನ್ನು ಕೇಳುತ್ತಿದ್ದರು. ನನ್ನ ವಿದ್ಯಾರ್ಥಿಗಳಿಂದ ನಾನೂ ಮೊದಲು ಕೇಳುವುದು ಅದನ್ನೇ.