ಕನ್ನಡಿಯುಳ್ಳ ದಿಕ್ಸೂಚಿಯನ್ನೇ ಏಕೆ ಆರಿಸಿದೆ
ಬೀದರಿನ ಹೊನ್ನಿಕೇರಿ ಕಾಡಿನಲ್ಲಿ ನಡೆಯಲೆಂದು ಕನ್ನಡಿಯುಳ್ಳ ದಿಕ್ಸೂಚಿಯೊಂದನ್ನು ಕೊಂಡೆ. ಮುಚ್ಚಳವನ್ನು ಅರ್ಧ ತೆರೆದು ಕಣ್ಣಿನ ಮಟ್ಟಕ್ಕೆ ಹಿಡಿದರೆ, ಮೇಲಂಚಿನ ಕಚ್ಚಿನಲ್ಲಿ ದೂರದ ಮರವೂ ಕನ್ನಡಿಯಲ್ಲಿ ಮುಳ್ಳು ಮತ್ತು ಅಂಕಿಗಳೂ ಒಟ್ಟಿಗೆ ಕಾಣುವುದರಿಂದ, ತಲೆ ಬಗ್ಗಿಸಿ ಓದುವಾಗ ಕೈ ಅಲುಗಿ ಆಗುವ ತಪ್ಪು ಬಹಳ ಕಡಿಮೆಯಾಗುತ್ತದೆ. 1 ಡಿಗ್ರಿ ತಪ್ಪಿದರೂ 1 ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 17 ಮೀಟರ್ ಪಕ್ಕಕ್ಕೆ ಸರಿದಿರುತ್ತೇವೆ. ಕುರುಚಲು ಗಿಡಗಳ ನಡುವೆ ಕಾಲುದಾರಿ ತಪ್ಪಲು ಅಷ್ಟೇ ಸಾಕು.

ನಾನು ಹೆಚ್ಚು ಪರೀಕ್ಷಿಸಿದ್ದು ಮುಳ್ಳಿನ ಸಮತೋಲನವನ್ನು. ಉತ್ತರ ಯುರೋಪಿನಲ್ಲಿ ಭೂಕಾಂತದ ಸೆಳೆತ ಬಹಳ ಕೆಳಮುಖವಾಗಿರುವುದರಿಂದ, ಅಲ್ಲಿಗೆಂದು ತೂಗಿಸಿದ ಮುಳ್ಳು ಇಲ್ಲಿ ವಾಲಿ ಬಟ್ಟಲಿಗೆ ತಾಗಬಹುದು. ಭೂಪಟದ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸ ಸುಮಾರು 1 ಡಿಗ್ರಿ ಮಾತ್ರ. ಆದ್ದರಿಂದ ಅದನ್ನು ಸರಿಪಡಿಸುವ ತಿರುಪಿಗಾಗಿ ಹೆಚ್ಚು ಹಣ ಕೊಡಲಿಲ್ಲ.