ರೋಹಿಯಾ ಮಠದಲ್ಲಿ ಒಂದು ಮಧ್ಯಾಹ್ನ

ರೊಮೇನಿಯಾದಲ್ಲಿ ಎಂಟು ದಿನ ಇದ್ದೆ, ಬುಖಾರೆಸ್ಟ್ ಬಗ್ಗೆ ಬರೆಯೋಕೆ ಮನಸ್ಸೇ ಬರ್ತಿಲ್ಲ. ತಲೇಲಿ ಕೂತಿರೋದು ಉತ್ತರದ ಕಡೆ ಬೆಟ್ಟದ ಮೇಲಿರೋ ರೋಹಿಯಾ ಮಠ ಒಂದೇ. ನಿಕೊಲಾಯೆ ಸ್ಟೈನ್‌ಹಾರ್ಟ್ ಅನ್ನೋ ಸಾಹಿತ್ಯ ವಿಮರ್ಶಕರು 1980ರಲ್ಲಿ ಇಲ್ಲೇ ಸನ್ಯಾಸಿ ಆದ್ರು, ಲೈಬ್ರರಿ ನೋಡ್ಕೊಂಡಿದ್ರು.

ಅವರಿದ್ದ ಕೋಣೆ ತೋರಿಸಿದ್ದು ಒಬ್ಬ ಚಿಕ್ಕ ವಯಸ್ಸಿನ ಸನ್ಯಾಸಿ, ತುಂಬಾ ಮೆಲ್ಲಗೆ ಮಾತಾಡ್ತಿದ್ರು. 1959ರ ಕೊನೇಲಿ ಸೆಕ್ಯುರಿಟಾಟೆ ಅಂದ್ರೆ ಅಲ್ಲಿನ ಗುಪ್ತ ಪೊಲೀಸರು ಸ್ಟೈನ್‌ಹಾರ್ಟ್‌ರನ್ನ ಕರೆಸಿ, ತತ್ವಜ್ಞಾನಿ ನೋಯಿಕಾ ಮತ್ತೆ ಉಳಿದ ಸ್ನೇಹಿತರ ವಿರುದ್ಧ ಸಾಕ್ಷಿ ಹೇಳು ಇಲ್ಲಾಂದ್ರೆ ನೀನೂ ಒಳಗೆ ಅಂದ್ರಂತೆ. ಇವರು ಮನೆಗೆ ಬಂದು ಅಪ್ಪನ್ನ ಕೇಳಿದ್ರು. ಜೈಲಿಗೆ ಹೋದ್ರೆ ಹಗಲು ಕಷ್ಟ ಆದ್ರೆ ರಾತ್ರಿ ನಿದ್ದೆ ಬರುತ್ತೆ, ಸಾಕ್ಷಿ ಹೇಳಿದ್ರೆ ಹಗಲು ಹೇಗೋ ಕಳೆಯುತ್ತೆ ರಾತ್ರಿ ಕಳೆಯಲ್ಲ ಅಂದ್ರಂತೆ ಆ ಮುದುಕ.

ನಾನು ಅಲ್ಲೇ ನಿಂತ್ಬಿಟ್ಟೆ. ವಯಸ್ಸಾದ ಅಪ್ಪ, ಮಗನ್ನ ಕಳಿಸಿಕೊಡೋ ಮಾತು ಅದು.

"ಮಗ ಹೊರಗೆ ಬಂದಾಗ ಅಪ್ಪ ಇದ್ರಾ?" ಅಂದೆ.

"ಇದ್ರು. 1964ರಲ್ಲಿ ಬಿಟ್ರು. ಇದ್ರು."

ಎರಡು ಸಲ ಹೇಳಿದ್ರು, ಅಷ್ಟು ಸಾಕಾಯ್ತು ನಂಗೆ.

ಯಹೂದಿ ಮನೇಲಿ ಹುಟ್ಟಿದ ಸ್ಟೈನ್‌ಹಾರ್ಟ್ ಜಿಲಾವಾ ಜೈಲಲ್ಲಿ ಕ್ರೈಸ್ತರಾದ್ರು. ಒಳಗೆ ಕಾಗದ ಪೆನ್ಸಿಲ್ ಏನೂ ಇರಲಿಲ್ಲ, ಆಮೇಲೆ ಜೈಲಿನ ಅನುಭವ ಎಲ್ಲಾ ನೆನಪಿಂದಲೇ ಪುಸ್ತಕವಾಗಿ ಬರೆದ್ರು. 1972ರಲ್ಲಿ ಹಸ್ತಪ್ರತಿ ಜಪ್ತಿ ಆಯ್ತು, ಅದು ವಾಪಸ್ ಬರೋದ್ರೊಳಗೆ ಇನ್ನೊಂದು ಸಲ ಕೂತು ಪೂರ್ತಿ ಬರೆದ್ರು. ಇದರ ಜೊತೆಗೇ ವಿಮರ್ಶೆ ಪುಸ್ತಕಗಳೂ ಬರ್ತಾನೇ ಇದ್ವು, ಸೆನ್ಸಾರ್ ಬಿಟ್ಟಷ್ಟು. ಕೋಟೆ ಕೊತ್ತಲ ಅಂತ ಡ್ರಾಕುಲಾ ಹಿಂದೆ ಸುತ್ತೋ ಟೂರ್‌ಗಳಲ್ಲಿ ಇಂಥ ಜಾಗದ ಹೆಸರೇ ಬರಲ್ಲ, ಅದು ನಂಗೆ ನಿಜಕ್ಕೂ ಬೇಜಾರು.

ಹೋಗೋರಿಗೆ ಒಂದು ಮಾತು. ಹತ್ತಿರದ ಊರು ತಿರ್ಗು ಲಪುಷ್‌ವರೆಗೆ ಮಿನಿಬಸ್ ಸಿಗುತ್ತೆ, ಆದ್ರೆ ಗೋಡೆಗೆ ಅಂಟಿಸಿರೋ ಟೈಮ್‌ಟೇಬಲ್ ನಂಬಬೇಡಿ, ವಾಪಸ್ ಗಾಡಿ ಎಷ್ಟೊತ್ತಿಗೆ ಅಂತ ಡ್ರೈವರ್‌ನ್ನೇ ಕೇಳ್ಕೊಳ್ಳಿ. ಭಾನುವಾರ ಅಂತೂ ಬೇಡವೇ ಬೇಡ. ಮೂರು ಗಂಟೆ ಕಾದೆ ನಾನು, ಈಗ್ಲೂ ಸಿಟ್ಟು ಬರುತ್ತೆ.

ಹೊರಡೋಕೆ ಮುಂಚೆ ಸಮಾಧಿ ಹತ್ರ ಮೇಣದಬತ್ತಿ ಹಚ್ಚಿದೆ. ಅವರು ತೀರ್ಕೊಂಡಿದ್ದು 1989ರ ಮಾರ್ಚ್ 30ಕ್ಕೆ, ಅದೇ ಡಿಸೆಂಬರ್‌ನಲ್ಲಿ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಸರ್ಕಾರ ಬಿತ್ತು. ಎರಡೆರಡು ಸಲ ಬರೆದ ಆ ಪುಸ್ತಕ ಅಚ್ಚಾಗಿದ್ದು 1991ರಲ್ಲಿ.