ಪರ–ವಿರೋಧದ ಚೀಟಿ ಹಂಚುವ ಮೊದಲು

ಪರಿಸರದ ವಿವಾದವೊಂದು ಪಾಠಕ್ಕೆ ಬಂತೆಂದರೆ ಅನೇಕ ತರಗತಿಗಳಲ್ಲಿ ನಡೆಯುವುದು ಒಂದೇ ಕ್ರಮ. ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ‘ಪರ’, ಇನ್ನೊಂದಕ್ಕೆ ‘ವಿರೋಧ’ ಎಂದು ಚೀಟಿ ಹಂಚಿ, ಚೆನ್ನಾಗಿ ಮಾತಾಡಿದವರಿಗೆ ಬಹುಮಾನ ಕೊಡುವುದು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಇದನ್ನು ಬಿಟ್ಟು ಬಹಳ ಕಾಲವಾಯಿತು. ಚೀಟಿಯಲ್ಲಿ ಬಂದ ಪಕ್ಷವನ್ನು ಸಮರ್ಥಿಸುವ ಮಗು ಕಲಿಯುವುದು ಗೆಲ್ಲುವುದನ್ನು. ತನ್ನ ವಾದಕ್ಕೆ ಒಗ್ಗದ ಅಂಕಿಅಂಶವನ್ನು ಮುಚ್ಚಿಡುವುದನ್ನೂ ಅಲ್ಲೇ ಕಲಿಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ‘ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯರೇ ಕಾರಣವೇ?’ ಎಂಬ ಪ್ರಶ್ನೆಗೂ ‘ಅಣುವಿದ್ಯುತ್ ಬೇಕೇ?’ ಎಂಬ ಪ್ರಶ್ನೆಗೂ ಒಂದೇ ವೇದಿಕೆ ಹಾಕಿಕೊಡುವುದು. ಮೊದಲನೆಯದು ಅಳತೆಯಿಂದ ತೀರ್ಮಾನವಾದ ಪ್ರಶ್ನೆ. ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ, ಕಲ್ಲಿದ್ದಲು, ತೈಲ ಸುಟ್ಟಾಗ ಹೊರಬಂದು ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಕೈಗಾರಿಕಾ ಕ್ರಾಂತಿಗೂ ಮೊದಲು ಇದ್ದದ್ದು ಸುಮಾರು 280. ಇದನ್ನು ಚರ್ಚೆಗೆ ಇಡುವ ಬದಲು ಗ್ರಾಫ್ ಹಾಳೆ ಕೊಟ್ಟು ಮಕ್ಕಳ ಕೈಯಲ್ಲೇ ಗೆರೆ ಎಳೆಸುತ್ತೇನೆ.

ಹಾಗೆಂದು ಅನುಮಾನ ಪಡುವ ಮಗುವಿನ ಬಾಯಿ ಮುಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ‘ಸೂರ್ಯನ ಶಾಖವೇ ಹೆಚ್ಚಾಗಿರಬಾರದೇಕೆ, ಮೇಡಂ?’ ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆದರೆ ಕೆಳಗಿನ ಪದರ ಬಿಸಿಯಾಗುತ್ತಿದೆ, ಸ್ತರಗೋಳವೆಂಬ ಮೇಲಿನ ಪದರ ತಣ್ಣಗಾಗುತ್ತಿದೆ. ಇಷ್ಟು ಹೇಳಿದರೆ ಆ ಮಗುವಿಗೆ ಉತ್ತರವೂ ಸಿಗುತ್ತದೆ, ಕೇಳಿದ್ದಕ್ಕೆ ಮರ್ಯಾದೆಯೂ ಸಿಗುತ್ತದೆ.

ಅಣುವಿದ್ಯುತ್ತಿನ ಮಾತು ಬೇರೆ. ಜರ್ಮನಿ ತನ್ನ ಕೊನೆಯ ಮೂರು ಅಣುಸ್ಥಾವರಗಳನ್ನು 2023ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಪಕ್ಕದ ಫ್ರಾನ್ಸ್‌ನಲ್ಲಿ ವಿದ್ಯುತ್ತಿನ ಬಹುಪಾಲು ಇಂದಿಗೂ ಅಣುವಿನಿಂದಲೇ ಬರುತ್ತದೆ. ಎರಡೂ ಕಡೆ ಭೌತಶಾಸ್ತ್ರ ಒಂದೇ. ಬೇರೆಯಾದದ್ದು ಯಾವ ಅಪಾಯವನ್ನು ಹೊರಲು ಸಿದ್ಧರಿದ್ದೇವೆ ಎಂಬ ಆಯ್ಕೆ. ಮಕ್ಕಳು ವಾದ ಮಾಡಬೇಕಾದದ್ದು ಇಂಥ ಜಾಗದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಡಿಡಿಟಿ ಎಂಬ ಕೀಟನಾಶಕದ್ದು. ಅದನ್ನು ಬೇಕೆಂದೇ ಒಂದೇ ದಿನದಲ್ಲಿ ಮುಗಿಸುವುದಿಲ್ಲ. ಮೊದಲ ಪೀರಿಯಡ್‌ನಲ್ಲಿ ಒಳ್ಳೆಯದನ್ನಷ್ಟೇ ಹೇಳುತ್ತೇನೆ: ಎರಡನೇ ಮಹಾಯುದ್ಧದ ಕಾಲದಲ್ಲಿ ಹೇನುಗಳಿಂದ ಹರಡುತ್ತಿದ್ದ ಟೈಫಸ್ ಜ್ವರವನ್ನು ನೇಪಲ್ಸ್‌ನಲ್ಲಿ ತಡೆಯಲು ಈ ಪುಡಿ ನೆರವಾದದ್ದು, ಮಲೇರಿಯಾ ಇಳಿದದ್ದು, ಇದರ ಕೀಟನಾಶಕ ಗುಣ ಕಂಡುಹಿಡಿದ ಪಾಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಬಂದದ್ದು. ಎರಡನೇ ಪೀರಿಯಡ್ ಹಕ್ಕಿಗಳಿಗೆ ಮೀಸಲು. ಡಿಡಿಟಿ ದೇಹದೊಳಗೆ ಡಿಡಿಇ ಎಂಬ ಇನ್ನೊಂದು ರಾಸಾಯನಿಕವಾಗಿ ಕೊಬ್ಬಿನಲ್ಲಿ ಉಳಿಯುತ್ತದೆ, ಮೀನಿನಿಂದ ಮೀನಿಗೆ ದಾಟುತ್ತ ಹದ್ದು, ಹೆಜ್ಜಾರ್ಲೆಗಳನ್ನು ತಲುಪುವಷ್ಟರಲ್ಲಿ ಅದರ ಸಾಂದ್ರತೆ ಬಹಳ ಏರಿರುತ್ತದೆ. ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ. ಅಮೆರಿಕ 1972ರಲ್ಲಿ ಬೇಸಾಯಕ್ಕೆ ಇದನ್ನು ನಿಷೇಧಿಸಿತು. ಆ ಹೊತ್ತಿಗೆ ಇಡೀ ತರಗತಿ ನಿಷೇಧದ ಪರವಾಗಿರುತ್ತದೆ.

ಮೂರನೇ ಪೀರಿಯಡ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತೇವೆ. ಆ ದೇಶ 1996ರಲ್ಲಿ ಡಿಡಿಟಿ ಬಿಟ್ಟು ಪೈರೆಥ್ರಾಯ್ಡ್ ಕೀಟನಾಶಕಕ್ಕೆ ಬದಲಾಯಿತು. ಆ ಹೊಸ ಔಷಧಿಗೆ ಜಗ್ಗದ ಸೊಳ್ಳೆ ಮರಳಿ ಬಂತು, ಮಲೇರಿಯಾ ಹಲವು ಪಟ್ಟು ಏರಿತು, 2000ದಲ್ಲಿ ಡಿಡಿಟಿಯನ್ನೇ ಮತ್ತೆ ತರಬೇಕಾಯಿತು. ಡಿಡಿಟಿಯನ್ನು ನಿರ್ಬಂಧಿಸಿದ 2001ರ ಸ್ಟಾಕ್‌ಹೋಮ್ ಒಪ್ಪಂದವೂ ರೋಗ ಹರಡುವ ಕೀಟಗಳ ವಿರುದ್ಧ ಬಳಸಲು ಅವಕಾಶ ಉಳಿಸಿಕೊಂಡಿದೆ. ಮನೆಯೊಳಗೆ ಗೋಡೆಗೆ ಹೊಡೆಯುವ ಪ್ರಮಾಣ ಚದರ ಮೀಟರಿಗೆ ಒಂದೆರಡು ಗ್ರಾಂ. ವಿಮಾನದಿಂದ ಹೊಲಕ್ಕೆ ಸುರಿಯುವುದು ಬೇರೆ, ಇದು ಬೇರೆ. ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಹೀಗೆ ಗೋಡೆಗೆ ಹೊಡೆದ ಮನೆಗಳ ತಾಯಂದಿರ ಎದೆಹಾಲಿನಲ್ಲಿ ಡಿಡಿಟಿಯ ಅಂಶ ಸಿಕ್ಕಿದೆ. ಈ ಮಾತು ಬಂದಾಗ ತರಗತಿ ಗದ್ದಲವಾಗುತ್ತದೆ, ನಾನು ತಡೆಯುವುದಿಲ್ಲ. ‘ಡಿಡಿಟಿ ಒಳ್ಳೆಯದೋ ಕೆಟ್ಟದೋ’ ಎಂಬ ಪ್ರಶ್ನೆ ಅಷ್ಟರಲ್ಲಿ ಉದುರಿಹೋಗಿರುತ್ತದೆ. ಎಲ್ಲಿ, ಎಷ್ಟು, ಯಾರ ಮನೆಯಲ್ಲಿ, ಬೇರೆ ದಾರಿ ಇದೆಯೇ ಎಂದು ಕೇಳತೊಡಗುತ್ತಾರೆ.

ಕಲ್ಲಿದ್ದಲಿನ ಪಾಠ ಮಾಡುವಾಗ ಮಾತ್ರ ನಾನು ಹೆಚ್ಚು ಎಚ್ಚರದಿಂದ ಇರುತ್ತೇನೆ. ಅದೇ ಬೆಂಚುಗಳಲ್ಲಿ ಕಲ್ಲಿದ್ದಲಿನಿಂದಲೇ ಅನ್ನ ಕಾಣುವ ಮನೆಯ ಮಕ್ಕಳು ಕೂತಿರಬಹುದು. ಒಮ್ಮೆ ಒಬ್ಬಳು ಎದ್ದು ನಿಂತು, ‘ಸ್ಥಾವರ ಮುಚ್ಚಿದರೆ ನಮ್ಮಪ್ಪ ಏನು ಮಾಡಬೇಕು?’ ಎಂದಳು. ಕೆಲವರು ಅವಳನ್ನು ಪರಿಸರದ ಶತ್ರು ಎಂಬಂತೆ ನೋಡಿದರು. ಅವಳ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು ಅಂದಿನ ಪಾಠವನ್ನು ಅದರ ಮೇಲೆಯೇ ನಡೆಸಿದೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಪೀಠಿಕೆಯಲ್ಲೇ ಕಾರ್ಮಿಕರಿಗೆ ನ್ಯಾಯವಾಗುವ ಬದಲಾವಣೆಯ ಮಾತಿದೆ. ಕಲ್ಲಿದ್ದಲನ್ನು 2038ರೊಳಗೆ ಬಿಡಲು 2020ರಲ್ಲಿ ಕಾನೂನು ಮಾಡಿದ ಜರ್ಮನಿ, ಗಣಿ ಪ್ರದೇಶಗಳಿಗೆ 4,000 ಕೋಟಿ ಯೂರೋವರೆಗೆ ನೆರವು ಎತ್ತಿಟ್ಟಿತು. ಅವಳಪ್ಪನ ಚಿಂತೆ ಹವಾಮಾನ ವಿಜ್ಞಾನವನ್ನು ಅಲ್ಲಗಳೆಯುವುದಿಲ್ಲ. ಬದಲಾವಣೆಯ ಖರ್ಚನ್ನು ಯಾರು ಹೊರಬೇಕು ಎಂಬುದೂ ಪರಿಸರ ಪಾಠದ ಭಾಗವೇ.

‘ನಿಮ್ಮ ಅಭಿಪ್ರಾಯ ಏನು, ಮೇಡಂ?’ ಎಂದು ಕೇಳಿಯೇ ಕೇಳುತ್ತಾರೆ. ಬ್ರಿಟನ್ನಿನ ಶಿಕ್ಷಣತಜ್ಞ ಲಾರೆನ್ಸ್ ಸ್ಟೆನ್‌ಹೌಸ್ 1967ರಲ್ಲಿ ಶುರುವಾದ ತಮ್ಮ ಯೋಜನೆಯಲ್ಲಿ, ವಿವಾದದ ಚರ್ಚೆಯಲ್ಲಿ ಶಿಕ್ಷಕರು ತಟಸ್ಥ ಅಧ್ಯಕ್ಷರಂತೆ ಇರಬೇಕು ಎಂದರು. ನನಗೆ ಹೆಚ್ಚು ಹಿಡಿಸಿದ್ದು 1976ರಲ್ಲಿ ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ನಡೆದ ಶಿಕ್ಷಣತಜ್ಞರ ಸಭೆಯಿಂದ ಬಂದ ತತ್ವಗಳು: ವಿದ್ಯಾರ್ಥಿಗಳ ಮೇಲೆ ಅಭಿಪ್ರಾಯ ಹೇರಕೂಡದು; ವಿದ್ವಾಂಸರ ನಡುವೆ, ರಾಜಕೀಯದಲ್ಲಿ ವಿವಾದವಾಗಿರುವುದು ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು. ಕೊನೆಯವರೆಗೂ ಮುಚ್ಚಿಡುವುದು ನನ್ನಿಂದಾಗದು, ಮಕ್ಕಳು ನಮ್ಮ ಮುಖ ನೋಡಿಯೇ ಓದಿಬಿಡುತ್ತಾರೆ. ಹಾಗಾಗಿ ಅವರೆಲ್ಲ ತಮ್ಮ ನಿಲುವು ಬರೆದುಕೊಟ್ಟ ಮೇಲೆ ನನ್ನದನ್ನು ಹೇಳುತ್ತೇನೆ. ಸುಸ್ಥಿತಿಯಲ್ಲಿರುವ ಅಣುಸ್ಥಾವರವನ್ನು ಕಲ್ಲಿದ್ದಲಿಗಿಂತ ಮೊದಲು ಮುಚ್ಚಬಾರದು ಎಂಬುದು ನನ್ನ ಅಭಿಪ್ರಾಯ. ಏನು ಗೊತ್ತಾದರೆ ಅದನ್ನು ಬದಲಿಸಿಕೊಳ್ಳುತ್ತೇನೆ ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ಅಂಕ ಕೊಡುವುದಕ್ಕೆ ನನ್ನ ಅಳತೆ ಒಂದೇ: ಎದುರು ಪಕ್ಷದವರ ಅತ್ಯಂತ ಗಟ್ಟಿಯಾದ ವಾದವನ್ನು, ಅವರೇ ಓದಿ ‘ಹೌದು, ನಾವು ಹೇಳುವುದು ಇದನ್ನೇ’ ಎನ್ನುವಂತೆ ಬರೆಯಬೇಕು. ಡಿಡಿಟಿಯನ್ನು ಪೂರ್ತಿ ನಿಷೇಧಿಸಬೇಕೆಂದು ಪಟ್ಟು ಹಿಡಿದಿದ್ದ ಹುಡುಗನೊಬ್ಬ, ಗೋಡೆಗೆ ಹೊಡೆಯುವುದರ ಪರವಾಗಿ ಎರಡು ಪುಟ ಬರೆದ. ಸೊಳ್ಳೆಗಳು ಔಷಧಿಗೆ ಒಗ್ಗಿಕೊಳ್ಳುವ ವಿಚಾರವನ್ನೂ ಬಿಟ್ಟಿರಲಿಲ್ಲ. ಕೊನೆಯ ಸಾಲಿನಲ್ಲಿ, ‘ಇಷ್ಟಾದರೂ ನಿಷೇಧವೇ ಸರಿ’ ಎಂದು ಬರೆದು, ಎದೆಹಾಲಿನ ಕಾರಣ ಕೊಟ್ಟಿದ್ದ. ಪೂರ್ತಿ ಅಂಕ ಕೊಟ್ಟೆ.